ಸ್ಟೆಪ್‌ಮದರ್ ದಾನ ಕೊಟ್ಟ ಸೀರೆ

ಕನ್ನಡ ಪೇಪರ್ ಓದುವುದನ್ನೇ ಬಿಟ್ಟುಬಿಡೋಣ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನೈರೋಬಿಯ ಕಿಲಿಮಾನಿ ಬಡಾವಣೆಯ ಈ ಆರನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತು, ಮೊಬೈಲಿನಲ್ಲಿ ಮೈಸೂರಿನ ಸುದ್ದಿ ತೆರೆದರೆ ವಾರಕ್ಕೊಮ್ಮೆಯಾದರೂ ಆ ಮಾತು ಇದ್ದೇ ಇರುತ್ತದೆ: ಮಲತಾಯಿ ಧೋರಣೆ. ರೈಲು ಕೊಡದಿದ್ದರೆ ಮಲತಾಯಿ ಧೋರಣೆ, ಅನುದಾನ ತಡವಾದರೆ ಮಲತಾಯಿ ಧೋರಣೆ. ಅಲ್ಲಾ ಸ್ವಾಮಿ, ರೈಲು ಕೊಡದವರು ಯಾರೋ, ಬೈಸಿಕೊಳ್ಳುವವಳು ನಾನು. ಗಂಡನಿಗೆ ತೋರಿಸಿದರೆ, ಅದು ಹೇಳೋ ಪದ್ಧತಿ ಕಣೇ, ನೀನ್ಯಾಕೆ ಮೈಮೇಲೆ ಹಾಕ್ಕೋತೀಯ ಅನ್ನುತ್ತಾರೆ. ಅವರ ಮೈಮೇಲೆ ಬಿದ್ದಿದ್ದರೆ ಗೊತ್ತಾಗುತ್ತಿತ್ತು.

ಹೌದು, ನಾನು ಮಲತಾಯಿ. ಇನ್ನು ಇವಳಿಗೆ ಮದುವೆಯಿಲ್ಲ ಅಂತ ಮೈಸೂರಿನ ನೆಂಟರೆಲ್ಲ ಕೈತೊಳೆದುಕೊಂಡ ಮೇಲೆ, ಮೂವತ್ತೆಂಟನೇ ವಯಸ್ಸಿಗೆ, ಹೆಂಡತಿ ತೀರಿಕೊಂಡಿದ್ದ ಟೆಲಿಕಾಂ ಇಂಜಿನಿಯರೊಬ್ಬರನ್ನು ಮದುವೆಯಾಗಿ ನೈರೋಬಿಗೆ ಬಂದೆ. ಅವರ ಮಗಳಿಗೆ ಆಗ ಹತ್ತು ವರ್ಷ; ತಾಯಿ ಹೋಗಿ ಎರಡು ವರ್ಷವಾಗಿತ್ತು. ಈಗ ಅವಳಿಗೆ ಹದಿಮೂರು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡ ಅಷ್ಟೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ; ಅವಳ ಮಾತನ್ನು ಇಲ್ಲಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನನ್ನು ಅವಳು ಕರೆಯುವುದು ಆಂಟಿ ಅಂತ. ಕೆಳಗಿನ ಫ್ಲಾಟಿನವರೂ ಆಂಟಿ, ಹಲ್ಲಿನ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವವರೂ ಆಂಟಿ, ನಾನೂ ಆಂಟಿ.

ಶಾಲೆಯ ಫಾರಂಗಳಲ್ಲಿ ಮಾತ್ರ ಆಂಟಿ ಅಂತ ಬರೆಯುವ ಹಾಗಿಲ್ಲ. ಮಗುವಿಗೂ ನಿಮಗೂ ಏನು ಸಂಬಂಧ ಅನ್ನುವ ಖಾಲಿ ಜಾಗದಲ್ಲಿ ಪ್ರತಿಸಲ ಸ್ಟೆಪ್‌ಮದರ್ ಅಂತ ತುಂಬಬೇಕು. ಮೊದಲ ಸಲ ಬರೆದಾಗ ನನಗೇ ನಗು ಬಂತು, ಯಾಕೆಂದರೆ ಮೈಸೂರಿನ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಇಂಗ್ಲಿಷ್ ಮೇಡಂ ಆಗಿದ್ದವಳು ನಾನು. ಸ್ಟೆಪ್ ಅಂದರೆ ಮೆಟ್ಟಿಲು, ಸ್ಟೆಪ್‌ಮದರ್ ಅಂದರೆ ಹೆತ್ತವಳಿಗಿಂತ ಒಂದು ಮೆಟ್ಟಿಲು ಆಚೆ ನಿಂತವಳು ಅಂತ ಬೋರ್ಡಿನ ಮೇಲೆ ಮೆಟ್ಟಿಲಿನ ಚಿತ್ರ ಬರೆದು ಪಾಠ ಮಾಡಿದ್ದೆ. ಮಕ್ಕಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದರು. ಪರೀಕ್ಷೆಯಲ್ಲೂ ಬರೆದು ಮಾರ್ಕ್ಸ್ ತಗೊಂಡಿದ್ದರು.

ಅದು ಶುದ್ಧ ತಪ್ಪು ಅಂತ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನನ್ನದು ಡಿಪೆಂಡೆಂಟ್ ಪಾಸು, ಕೆಲಸ ಮಾಡುವ ಹಾಗಿಲ್ಲ. ಬೆಳಗ್ಗೆ ಏಳಕ್ಕೆ ಇಬ್ಬರೂ ಹೊರಟುಬಿಟ್ಟರೆ ಸಂಜೆವರೆಗೆ ಮನೆಯಲ್ಲಿ ನಾನು, ನನ್ನ ಜೊತೆ ಸೂಟ್‌ಕೇಸಿನಲ್ಲಿ ಬಂದ ಎರಡು ದಪ್ಪ ನಿಘಂಟು. ಮೆಟ್ಟಿಲಿನ ಸ್ಟೆಪ್ಪೇ ಬೇರೆ, ಸ್ಟೆಪ್‌ಮದರಿನ ಸ್ಟೆಪ್ಪೇ ಬೇರೆ ಅಂತ ಅಲ್ಲಿ ಸ್ಪಷ್ಟವಾಗಿತ್ತು. ಒಂದು ನಡೆಯುವುದಕ್ಕೆ ಸಂಬಂಧಪಟ್ಟದ್ದು. ಇನ್ನೊಂದು ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನ ‘ಸ್ಟೇಓಪ್’; ಕಳೆದುಕೊಂಡ, ತಬ್ಬಲಿಯಾದ ಅಂತ ಅರ್ಥ. ಕಾಲಕ್ರಮದಲ್ಲಿ ಸವೆದು ಸವೆದು ಎರಡೂ ಒಂದೇ ರೂಪಕ್ಕೆ ಬಂದು ನಿಂತಿವೆ, ನನ್ನಂಥ ಮೇಡಂಗಳು ಮೆಟ್ಟಿಲು ಕಟ್ಟಿದ್ದೇವೆ. ಸ್ಟೆಪ್‌ಮದರ್ ಅಂದರೆ ತಬ್ಬಲಿಗೆ ತಾಯಾಗಿ ಬಂದವಳು.

ಆ ದಿನ ನನಗಾದ ಖುಷಿ ಹೇಳತೀರದು. ಅದೇ ಪುಟದಲ್ಲಿ, ಆ ಪದವನ್ನು ಜನ ಆಮೇಲೆ ಹೇಗೆ ಹಾಳು ಮಾಡಿದರು ಅನ್ನುವುದೂ ಇತ್ತು. ಇಂಗ್ಲೆಂಡಿನ ಹಳ್ಳಿಗಳ ಕಡೆ ಉಗುರಿನ ಪಕ್ಕ ಎದ್ದು ನಿಂತು ಚುಚ್ಚುವ ಚರ್ಮದ ಎಳೆಗೆ ಸ್ಟೆಪ್‌ಮದರಿನ ಆಶೀರ್ವಾದ ಅನ್ನುತ್ತಿದ್ದರಂತೆ. ಒಂದು ಹೂವಿಗೂ, ಇಲ್ಲಿ ರಸ್ತೆ ಪಕ್ಕದ ನರ್ಸರಿಗಳಲ್ಲಿ ಸಿಗುವ ಪ್ಯಾನ್ಸಿಗೆ, ಸ್ಟೆಪ್‌ಮದರ್ ಅಂತಲೇ ಹೆಸರು ಇತ್ತಂತೆ. ಹೂವಿನ ವಿಷಯ ಓದಿ ಸ್ವಲ್ಪ ಸಮಾಧಾನವಾಯಿತು, ಉಗುರಿನ ವಿಷಯಕ್ಕೆ ಮೈ ಉರಿಯಿತು. ನಮ್ಮ ಕನ್ನಡದ ಮಲತಾಯಿ ಎಲ್ಲಿಂದ ಬಂದಳು ಅಂತಲೂ ಹುಡುಕಿದೆ. ಮರು ಅನ್ನುವುದೇ ಮಲ ಆಗಿದೆ ಅಂತ ಯಾರೋ ಹಿರಿಯರು ಹೇಳಿದ್ದ ನೆನಪು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಏನೇ ಇರಲಿ, ಸಂಜೆ ಗಂಡ ಬರುವುದನ್ನೇ ಕಾದು, ನೋಡಿ, ನಾನು ತಬ್ಬಲಿಗೆ ತಾಯಾದವಳಂತೆ, ಇದು ದೊಡ್ಡ ಪದವಿ ಅಂತ ಓದಿ ಹೇಳಿದೆ. ಅವರು ಶೂ ಬಿಚ್ಚುತ್ತಾ, ಪರವಾಗಿಲ್ವೇ, ಪ್ರಮೋಷನ್ ಆಯ್ತು ಅಂದರು. ಮಗಳು ಸೋಫಾದ ಮೇಲೆ ಕೂತಿದ್ದಳು. ಅವಳ ಮುಖ ಹೇಗಿತ್ತು ಅಂತ ನಾನು ನೋಡಲಿಲ್ಲ.

ಆ ಪದವಿಗೆ ನಾನು ತಕ್ಕವಳು ಅಂತ ತೋರಿಸುವ ಹುಚ್ಚು ಅಲ್ಲಿಂದ ಹತ್ತಿಕೊಂಡಿತು. ಕಳೆದ ಪಿತೃಪಕ್ಷದಲ್ಲಿ ಅದು ನೆತ್ತಿಗೇರಿತು. ನಮ್ಮಲ್ಲಿ ಪಕ್ಷದ ಒಂಬತ್ತನೇ ದಿನ ಅವಿಧವಾ ನವಮಿ. ಗಂಡ ಬದುಕಿರುವಾಗಲೇ ಸತ್ತ ಹೆಂಗಸಿನ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು ಕರೆದು, ಎಣ್ಣೆ ಅರಿಶಿನ ಕೊಟ್ಟು, ಸತ್ತವಳಿಗೆ ಇಷ್ಟವಾದ ಅಡುಗೆ ಬಡಿಸಿ, ಬಳೆ ಹೂವು ರವಿಕೆ ಕಣದ ಜೊತೆ ಸೀರೆ ಕೊಡುತ್ತಾರೆ. ಆ ಹೊತ್ತಿಗೆ ಆ ಮುತ್ತೈದೆಯೇ ಸತ್ತವಳು ಅಂತ ಭಾವನೆ. ಎರಡನೇ ಹೆಂಡತಿ ಮೊದಲನೆಯವಳಿಗೆ ಇದನ್ನು ನಿಷ್ಠೆಯಿಂದ ಮಾಡಬೇಕು, ಇಲ್ಲದಿದ್ದರೆ ಮನೆಗೆ ಒಳ್ಳೆಯದಲ್ಲ ಅನ್ನುವುದು ಮೈಸೂರಿನಲ್ಲಿರುವ ನಮ್ಮ ಅತ್ತೆಯ ನಂಬಿಕೆ. ಯಾವ ಅಡುಗೆ, ಎಷ್ಟು ಹೊತ್ತಿಗೆ, ಎಲ್ಲ ಅವರೇ ವೀಡಿಯೋ ಕಾಲಿನಲ್ಲಿ ಹೇಳುತ್ತಾರೆ. ಭಾನುವಾರ ಇಟ್ಟುಕೊಳ್ಳೋಣವಾ ಅಂತ ಕೇಳಿದರೆ, ತಿಥಿ ನಿನ್ನ ರಜ ನೋಡಿಕೊಂಡು ಬರುತ್ತದೇನಮ್ಮಾ ಅಂದರು. ಹೀಗಾಗಿ ನವಮಿ ಬಿದ್ದದ್ದು ಗುರುವಾರ, ಮಗಳು ಶಾಲೆಯಲ್ಲಿದ್ದಾಗ.

ಮುತ್ತೈದೆಯಾಗಿ ಬಂದವರು ಒಬ್ಬ ಡಾಕ್ಟರಮ್ಮ. ಶಿವಮೊಗ್ಗದ ಕಡೆಯವರು, ಅರವತ್ತು ದಾಟಿದೆ, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ, ಪಕ್ಕದ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಅವರದೇ ಕ್ಲಿನಿಕ್. ಇಲ್ಲಿನ ಕನ್ನಡದವರಲ್ಲಿ ಅರ್ಧ ಜನರ ಹೆರಿಗೆ ಮಾಡಿಸಿದ್ದು ಅವರೇ. ಅಂಥವರಿಗೆ ಮಾಮೂಲಿ ಅಂಗಡಿ ಸೀರೆ ಕೊಡುವುದಾ ಅಂತ ನನ್ನ ತಲೆಗೆ ಬಂತು. ಮಗಳ ರೂಮಿನ ಬೀರುವಿನ ಮೇಲೆ ಅವಳ ತಾಯಿಯ ಸೂಟ್‌ಕೇಸ್ ಇತ್ತು. ಇಳಿಸಿ ತೆಗೆದು ನೋಡಿದೆ. ಉಟ್ಟು ಮೆತ್ತಗಾದ ನಾಲ್ಕಾರು ಸೀರೆಗಳ ಕೆಳಗೆ ಒಂದು ಗಿಳಿಹಸಿರು ಮೈಸೂರು ಸಿಲ್ಕು, ಅಂಗಡಿಯ ಮಡಿಕೆ ಬಿಚ್ಚಿಲ್ಲ, ಫಾಲ್ ಹೊಲಿದಿಲ್ಲ. ಆಕೆ ಆಸೆಪಟ್ಟು ಕೊಂಡು, ಉಡುವ ಭಾಗ್ಯ ಇಲ್ಲದೆ ಹೋಗಿದ್ದಾಳೆ, ಅವಳ ಸೀರೆಯೇ ಅವಳ ಹೆಸರಿನಲ್ಲಿ ಹೋದರೆ ನೇರ ಅವಳಿಗೇ ಸಲ್ಲುತ್ತದೆ ಅನ್ನಿಸಿತು. ಕಣ್ಣಲ್ಲಿ ನೀರೂ ಬಂತು, ನನ್ನ ದೊಡ್ಡತನಕ್ಕೆ. ಅತ್ತೆಗೆ ಹೇಳಿದೆ, ಬಹಳ ಒಳ್ಳೇ ಯೋಚನೆ ಅಂದರು. ಗಂಡನಿಗೆ ಫೋನ್ ಮಾಡಿದೆ, ಮೀಟಿಂಗಿನಲ್ಲಿದ್ದರು, ನಿಂಗೆ ಹೇಗೆ ಸರಿಯೋ ಹಾಗೆ ಮಾಡು ಅಂದರು. ಮೂರು ಜನ ದೊಡ್ಡವರು ಸೇರಿ ತೀರ್ಮಾನ ಮಾಡಿದೆವು.

ಎಲ್ಲ ಸಾಂಗವಾಗಿ ನಡೆಯಿತು. ಡಾಕ್ಟರಮ್ಮ ಚೆನ್ನಾಗಿ ಊಟ ಮಾಡಿ, ಸೀರೆ ಕಣ್ಣಿಗೊತ್ತಿಕೊಂಡು ತಗೊಂಡರು. ನಾನು ಅದರ ಫೋಟೋ ಅತ್ತೆಗೆ ಕಳಿಸಿದೆ, ಅತ್ತೆ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಕೈಮುಗಿಯುವ ಚಿತ್ರ ಹಾಕಿದರು. ನೆಂಟರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಇಂಥ ಸೊಸೆ ಎಲ್ಲಿ ಸಿಗುತ್ತಾಳೆ ಅಂತ ಒಬ್ಬರು ಬರೆದಿದ್ದರು. ಅದನ್ನೇ ಎರಡು ಸಲ ಓದಿಕೊಂಡೆ.

ಆ ಗುಂಪಿನಲ್ಲಿ ಮಗಳೂ ಇದ್ದಾಳೆ ಅನ್ನುವುದು ಮರೆತೇಹೋಗಿತ್ತು. ಶಾಲೆಯ ಬಸ್ಸಿನಲ್ಲಿ ಬರುವಾಗ ಅವಳು ಫೋಟೋ ನೋಡಿದ್ದಾಳೆ. ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ನೇರ ರೂಮಿಗೆ ಹೋಗಿ, ಕುರ್ಚಿ ಎಳೆದು ಹತ್ತಿ, ಸೂಟ್‌ಕೇಸ್ ಕೆಳಗೆ ಕೆಡವಿದಳು. ನಾನು ಬಾಗಿಲಲ್ಲಿ ನಿಂತು, ಏನು ಪುಟ್ಟಾ, ಏನಾಯ್ತು ಅಂತ ಬಡಬಡಿಸುತ್ತಿದ್ದೆ. ಸೀರೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ನೆಲದ ಮೇಲೆ ಕೂತುಬಿಟ್ಟಳು.

“ಅದು ಅಮ್ಮನದಲ್ಲ. ನನ್ನದು,” ಅಂದಳು.

ಕೊನೆಯ ಸಲ ಮೈಸೂರಿಗೆ ಹೋದಾಗ ಕೊಂಡದ್ದಂತೆ. ಅಂಗಡಿಯ ಕನ್ನಡಿ ಮುಂದೆ ಏಳು ವರ್ಷದ ಇವಳಿಗೆ ಸುತ್ತಿ ನೋಡಿ, ಸೆರಗೆಲ್ಲ ನೆಲದ ಮೇಲೆ ಎಳೆದಾಡಿ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರಂತೆ. ನೀನು ನನ್ನಷ್ಟು ಎತ್ತರ ಆದಾಗ ನೀನೇ ಮೊದಲು ಉಡಬೇಕು, ಅಲ್ಲಿವರೆಗೆ ನಾನೂ ಉಡಲ್ಲ ಅಂತ ತಾಯಿ ಮಾತು ಕೊಟ್ಟಿದ್ದಳಂತೆ. ಉಡದೆ ಇಟ್ಟಿದ್ದು ಅಂದರೆ ಆಕೆಗೆ ಉಡುವ ಭಾಗ್ಯ ಇರಲಿಲ್ಲ ಅಂತ ನಾನೇ ಅಂದುಕೊಂಡುಬಿಟ್ಟಿದ್ದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ಊರವರನ್ನೆಲ್ಲ ಆಡಿಕೊಂಡವಳು ನಾನೇ ಈ ಜಾತ್ರೆ ಮಾಡಿದ್ದೆ. ಗೊತ್ತಿರಲಿಲ್ಲ ಕಣೇ ಅಂದೆ. ನೀವು ಕೇಳಲೇ ಇಲ್ಲವಲ್ಲ ಅಂದಳು.

ಆ ಸಂಜೆ ನಿಘಂಟಿನ ಅದೇ ಪುಟ ಮತ್ತೆ ತೆಗೆದೆ. ಮೊದಲ ಸಲ ಸ್ಟೆಪ್‌ಮದರ್ ಇದ್ದ ಸಾಲುಗಳನ್ನಷ್ಟೇ ಓದಿ ಮುಚ್ಚಿಬಿಟ್ಟಿದ್ದೆ. ಈ ಸಲ ಪೂರ್ತಿ ಓದಿದೆ. ಆ ಹಳೆಯ ಭಾಷೆಯಲ್ಲಿ ಸ್ಟೆಪ್‌ಚೈಲ್ಡ್ ಅಂದರೆ ಬರೀ ತಬ್ಬಲಿ ಮಗು ಅಂತ ಅರ್ಥ, ಅದಕ್ಕೆ ಇನ್ನೊಬ್ಬ ತಾಯಿ ಬಂದಿರಲಿ ಬಿಡಲಿ. ಸ್ಟೆಪ್ ಅನ್ನುವುದು ಮಗುವಿನ ಮೈಮೇಲಿನ ಗಾಯದ ಹೆಸರು. ತಾಯಿಗೆ, ತಂದೆಗೆ ಅದು ಅಂಟಿಕೊಂಡದ್ದು ಆ ಮಗುವಿನ ದೆಸೆಯಿಂದ. ನಾನು ಅದನ್ನು ಕಿತ್ತು ತಂದು ನನ್ನ ಎದೆಗೆ ಮೆಡಲಿನ ಹಾಗೆ ಚುಚ್ಚಿಕೊಂಡು ಓಡಾಡಿದ್ದೆ, ಅದೂ ಆ ಮಗುವಿನ ಎದುರಿಗೇ. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಯಾವತ್ತೂ ಬಂದಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಬೋಡಾ, ಅಂದರೆ ಇಲ್ಲಿನ ಬಾಡಿಗೆ ಬೈಕು, ಹತ್ತಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ಬೈಕಿನ ಹಿಂದೆ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಅವರಿಗೆ ಬದಲಿಗೆ ಕೊಡಲು ಕೊಂಡಿದ್ದ ಹೊಸ ಸೀರೆಯ ಚೀಲ. ಬಸುರಿಯರ ಸಾಲಿನಲ್ಲಿ ಒಂದೂವರೆ ಗಂಟೆ ಕೂತೆ. ಒಳಗೆ ಹೋಗಿ ನಡೆದದ್ದೆಲ್ಲ ಹೇಳಿ, ದಯವಿಟ್ಟು ಆ ಸೀರೆ ವಾಪಸ್ ಕೊಡಿ, ಇದನ್ನು ಇಟ್ಟುಕೊಳ್ಳಿ ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗೂನ ನೆನೆದರೆ ಹೊಟ್ಟೆ ಚುರ್ ಅನ್ನುತ್ತೆ ಅಂದರು. ಆದರೆ ಮುತ್ತೈದೆಯಾಗಿ ಕೂತು ತಗೊಂಡದ್ದನ್ನು ಹಿಂದಕ್ಕೆ ಕೊಡುವುದು ಹೇಗೆ? ಅವರ ಯಜಮಾನರಿಗೆ ಎರಡು ತಿಂಗಳ ಹಿಂದೆ ತಾನೇ ಎದೆಗೆ ಸ್ಟೆಂಟ್ ಹಾಕಿದ್ದರು. ನಾನು ಡಾಕ್ಟರು, ಇದೆಲ್ಲ ನಂಬಬಾರದು, ಆದರೆ ಕೈ ಬರುತ್ತಿಲ್ಲಮ್ಮಾ ಅಂದರು. ನನಗೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡುವುದು? ಅತ್ತ ದರಿ, ಇತ್ತ ಪುಲಿ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು: ವಾಪಸ್ ಅಂತ ಕೊಡುವುದು ಬೇಡ, ಭಾನುವಾರ ನಾನೇ ಮನೆಗೆ ಬಂದು, ಅರಿಶಿನ ಕುಂಕುಮ ಇಟ್ಟು, ನನ್ನ ಕೈಯಿಂದ ಹುಡುಗಿಗೆ ಉಡುಗೊರೆ ಅಂತ ಕೊಡುತ್ತೇನೆ, ಯಾರಿಗೂ ದೋಷ ಇಲ್ಲ ಅಂದರು. ನಾನು ಅವರ ಕಾಲಿಗೆ ಬಿದ್ದುಬಂದೆ. ಅತ್ತೆಗೂ ಇದು ಒಪ್ಪಿಗೆಯಾಯಿತು. ಗಂಡ, ನೋಡಿದ್ಯಾ, ಎಲ್ಲದಕ್ಕೂ ಸೊಲ್ಯೂಷನ್ ಇರುತ್ತೆ ಅಂದರು. ಈ ಸಲವೂ ದೊಡ್ಡವರೇ ತೀರ್ಮಾನ ಮಾಡಿದೆವು. ನನಗೆ ಬುದ್ಧಿ ಬಂದದ್ದು ಅಷ್ಟರಲ್ಲೇ ಇತ್ತು.

ಭಾನುವಾರ ಹತ್ತು ಗಂಟೆಗೆ ಡಾಕ್ಟರಮ್ಮ ಬಂದರು. ಸೀರೆಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು, ಮೇಲೆ ಎರಡು ತೆಂಗಿನಕಾಯಿ, ಹೂವು. ಅತ್ತೆ ಮೊಬೈಲಿನಲ್ಲಿ ಹಾಜರು. ಫೋನನ್ನು ಟೀವಿಗೆ ಒರಗಿಸಿ ನಿಲ್ಲಿಸಿದ್ದೆವು. ಮಗಳನ್ನು ಕರೆದೆ. ಬಂದಳು. ತಟ್ಟೆ ನೋಡಿದಳು. ಮುಖ ಅರಳಿದ್ದು ಒಂದು ಕ್ಷಣ ನನಗೆ ಕಾಣಿಸಿತು. ಡಾಕ್ಟರಮ್ಮ ಕುಂಕುಮ ಇಡುವುದಕ್ಕೆ ಕೈ ಚಾಚಿ, ಇದು ನನ್ನ ಉಡುಗೊರೆ ಪುಟ್ಟಾ, ತಗೋ ಅಂದರು.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಉಡುಗೊರೆಯಾಗಿ ಬೇಡ ಅಂದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವಳು ಮರ್ಯಾದೆಯಿಂದಲೇ ಬಿಡಿಸಿ ಹೇಳಿದಳು: ಇದು ನಿಮ್ಮದಾದರೆ ತಾನೇ ನೀವು ನನಗೆ ಕೊಡುವುದು? ಇದನ್ನು ನನಗೆ ನನ್ನ ಅಮ್ಮ ಆಗಲೇ ಕೊಟ್ಟಾಗಿದೆ. ಈಗ ನಿಮ್ಮಿಂದ ತಗೊಂಡರೆ ಇದು ನೀವು ಕೊಟ್ಟ ಸೀರೆ ಆಗುತ್ತದೆ.

ಫೋನಿನಲ್ಲಿ ಅತ್ತೆ ಶುರು ಮಾಡಿದರು. ಹಟ ಮಾಡಬೇಡ, ಅಜ್ಜಿ ಹೇಳ್ತಿದೀನಿ, ದೊಡ್ಡವರ ಕೈಯಿಂದ ತಗೊಂಡು ನಮಸ್ಕಾರ ಮಾಡು. ಗಂಡ, ಜಸ್ಟ್ ಟೇಕ್ ಇಟ್ ಮಗಳೇ, ಸೀರೆ ಬಂತಲ್ಲ, ಮುಗೀತು ಅಂದರು. ಡಾಕ್ಟರಮ್ಮನ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಮಗಳು ನನ್ನ ಕಡೆ ನೋಡಿದಳು. ಮೂರು ವರ್ಷದಲ್ಲಿ ಅವಳು ಏನನ್ನಾದರೂ ಬೇಡಿ ನನ್ನ ಕಡೆ ನೋಡಿದ್ದು ಅದೇ ಮೊದಲು. ಈಗ ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ನೋಡುವುದಿಲ್ಲ ಅಂತ ನನಗೆ ಖಾತ್ರಿಯಾಯಿತು.

“ಅದು ದಾನವೇ ಅಲ್ಲ ಡಾಕ್ಟರಮ್ಮಾ. ಕಳವು. ಈ ಹುಡುಗಿಯ ರೂಮಿಂದ, ಅವಳಿಲ್ಲದ ಹೊತ್ತಲ್ಲಿ, ನಾನು ಕದ್ದು ನಿಮಗೆ ಕೊಟ್ಟಿದ್ದು,” ಅಂದೆ.

ಮೊದಲು ಬಾಯಿ ಬಿಟ್ಟವರು ಫೋನಿನಲ್ಲಿದ್ದ ಅತ್ತೆ. ನಮ್ಮ ಮನೆ ಸೊಸೆ ಬಾಯಲ್ಲಿ ಎಂಥಾ ಮಾತು, ಊರವರಿಗೆ ಗೊತ್ತಾದರೆ ಮಲತಾಯಿ ಬುದ್ಧಿ ತೋರಿಸಿದಳು ಅನ್ನಲ್ವಾ ಅಂದರು. ಅನ್ನಲಿ ಬಿಡಿ ಅಮ್ಮಾ ಅಂದೆ. ಹಾಗಾದರೆ ಈ ವರ್ಷದ್ದು ಹೋದವಳಿಗೆ ಏನೂ ಸಲ್ಲಲಿಲ್ಲ ಅಂತಾಯ್ತಲ್ಲ, ಹಸಿದು ಹೋದಳಲ್ಲ ನನ್ನ ಸೊಸೆ ಅಂತ ಅವರು ಅತ್ತೇಬಿಟ್ಟರು. ಅವರೂ ಕಳೆದುಕೊಂಡವರೇ, ಅದನ್ನೂ ನಾನು ಅವತ್ತೇ ಮೊದಲು ಕಂಡದ್ದು. ಸಲ್ಲಲಿಲ್ಲ ಅಮ್ಮಾ, ನನ್ನಿಂದಲೇ ಅಂದೆ. ಫೋನ್ ಕಟ್ಟಾಯಿತು.

ಡಾಕ್ಟರಮ್ಮ ಯೋಚನೆ ಮಾಡುತ್ತಾ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. ಕಳವಿನದಾದರೆ ಅದು ನನಗೆ ಬಂದೇ ಇಲ್ಲ, ಬರದೇ ಇದ್ದದ್ದನ್ನು ನಾನು ವಾಪಸ್ ಕೊಡುವುದು ಅಂತಲೂ ಇಲ್ಲ, ಅಲ್ವಾ ಅಂತ ತಮಗೆ ತಾವೇ ಹೇಳಿಕೊಂಡರು. ತೆಂಗಿನಕಾಯಿ ಎರಡನ್ನೂ ತಟ್ಟೆಯಿಂದ ತೆಗೆದು ಪಕ್ಕಕ್ಕಿಟ್ಟು, ಹೂವನ್ನೂ ತೆಗೆದರು. ಬರೀ ಸೀರೆ ಉಳಿಯಿತು. ಮಗಳು ಮುಂದೆ ಬಂದು ಎತ್ತಿಕೊಂಡು ರೂಮಿಗೆ ಹೋದಳು. ಥ್ಯಾಂಕ್ಸ್ ಅಂತ ಯಾರಿಗೂ ಹೇಳಲಿಲ್ಲ, ಯಾಕೆ ಹೇಳಬೇಕು?

ಡಾಕ್ಟರಮ್ಮನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ಗಂಡ ನನ್ನ ಜೊತೆ ಮಾತು ಬಿಟ್ಟು ಲ್ಯಾಪ್‌ಟಾಪ್ ಬಿಚ್ಚಿಕೊಂಡರು. ಅಮ್ಮನ್ನ ಅಳಿಸಿದೆ ಅಂತ ಅವರಿಗೆ ಸಿಟ್ಟು. ನನಗೆ ಎಲ್ಲರ ಮೇಲೂ ಸಿಟ್ಟು, ನವಮಿಯ ಮೇಲೆ, ನಿಘಂಟಿನ ಮೇಲೆ, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ಒಂದು ಗಂಟೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆದು, ಆಮೇಲೆ ಮಗಳ ಬಾಗಿಲು ತಟ್ಟಿದೆ. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಬಿಚ್ಚಿರಲಿಲ್ಲ. ನಾನು ಕುರ್ಚಿಯ ಮೇಲೆ ಕೂತೆ.

ಅಜ್ಜಿ ಹೇಳಿದ ಅಡುಗೆ ಮಾಡಿದ್ದು ಸಾಕು, ಮುಂದಿನ ಸಲ ನಿನ್ನನ್ನು ಕೇಳಿಯೇ ಮಾಡುತ್ತೇನೆ ಅಂದೆ. ಅಮ್ಮನಿಗೆ ಏನು ಇಷ್ಟ ಇತ್ತು, ಹೇಳು.

ತಕ್ಷಣ ಮಸಾಲಾ ಚಿಪ್ಸ್ ಅಂದಳು. ಆಲೂಗಡ್ಡೆ ಕರಿದು ಬಿಸಿ ಮಸಾಲೆಯಲ್ಲಿ ಹೊರಳಿಸಿ ಕೊಡುವ ಅಂಗಡಿ ಎದುರಿಗೆ ಕಾರು ನಿಲ್ಲಿಸಿ, ಇಬ್ಬರೂ ಬಾನೆಟ್ಟಿಗೆ ಒರಗಿ ನಿಂತು ತಿನ್ನುತ್ತಿದ್ದರಂತೆ. ತಾಯಿ ಅದರ ಮೇಲೆ ನಿಂಬೆಹಣ್ಣು ಹಿಂಡಿ ಹಿಂಡಿ ಹುಳಿ ಮಾಡಿಬಿಡುತ್ತಿದ್ದಳಂತೆ, ಖಾರಕ್ಕೆ ಮೂಗು ಸೋರುತ್ತಿದ್ದರೂ ಬಿಡುತ್ತಿರಲಿಲ್ಲವಂತೆ. ಅಜ್ಜಿಗೆ ಹೇಳಬೇಡಿ ಅಂದಳು. ಹೇಳಲ್ಲ ಅಂದೆ. ಆಮೇಲೆ, ಇನ್ನೇನು ಇಷ್ಟ ಅಂತ ಕೇಳಿದೆ.

ಅವಳು ಬಾಯಿ ತೆರೆದಳು. ಕಿಟಕಿ ನೋಡಿದಳು, ಸೀರೆ ನೋಡಿದಳು, ನನ್ನನ್ನು ನೋಡಿದಳು.

“ಇನ್ನೂ ಇತ್ತು,” ಅಂದಳು. “ಇನ್ನೂ ತುಂಬ ಇತ್ತು. ನನಗೆ ನೆನಪಾಗ್ತಿಲ್ಲ.”